ಮರಿ ಮಾರುವವರ ಹೊಣೆ

ಮುಧೋಳ ನಾಯಿಯ ಹೆಸರೆತ್ತಿದರೆ ಹೊರನಾಡಿನಲ್ಲಿರುವ ನಮಗೆ ಊರಿನ ಅಭಿಮಾನ ಉಕ್ಕುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡು, ಮುಂದೆ ಸೇನೆಯ ಮೀರತ್ ಕೇಂದ್ರಕ್ಕೂ ತರಬೇತಿಗೆ ಹೋದ ತಳಿ ಅದು. ಆ ಅಭಿಮಾನದ ಜೊತೆಯಲ್ಲೇ ಅದರ ಮರಿಗಳು ಪುಣೆ, ಮುಂಬಯಿಗಳ ಎರಡು ಕೋಣೆಯ ಮನೆಗಳಿಗೂ ಬರುತ್ತವೆ. ಬಯಲಿನಲ್ಲಿ ಮೊಲದ ಬೆನ್ನಟ್ಟಲೆಂದು ತಲೆಮಾರುಗಳಿಂದ ಬೆಳೆಸಿದ ಪ್ರಾಣಿಗೆ ಬಾಲ್ಕನಿ ಸಾಲದೆಂದು ಕೊಳ್ಳುವವರಿಗೆ ಯಾರು ಹೇಳಬೇಕು? ಮಾರುವವರೇ ಹೇಳಬೇಕು. ಹೇಳಿದರೂ ಕೇಳದವರಿಗೆ ಮರಿ ಕೊಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳು ಈ ಹೊಣೆಯ ಒಂದು ಭಾಗವನ್ನಾದರೂ ಬರೆದಿಟ್ಟಿವೆ. ನಾಯಿತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 18 ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಪಡೆಯುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದನ್ನು ಮೀರಬಾರದು. 8 ವಾರ ತುಂಬುವ ಮುನ್ನ ಮರಿಯನ್ನು ಮಾರುವಂತಿಲ್ಲ.

ಈ ಕಡೆಯ ನಿಯಮವೇ ಎಲ್ಲಕ್ಕಿಂತ ಸುಲಭವಾಗಿ ಮುರಿಯುವುದು. ಐದು ವಾರದ ಮರಿ ಹತ್ತಿಯುಂಡೆಯಂತಿರುತ್ತದೆ, ನೋಡಿದವರು ಕರಗುತ್ತಾರೆ. ಬೇಗ ಮಾರಿದರೆ ಮೇವು, ಲಸಿಕೆಗಳ ಖರ್ಚೂ ಉಳಿಯುತ್ತದೆ. ಆದರೆ ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆಂಬುದನ್ನು ಮರಿ ಕಲಿಯುವುದು ಆ ವಾರಗಳಲ್ಲಿಯೇ, ಒಡಹುಟ್ಟಿದ ಮರಿಗಳ ಜೊತೆ ಹೊರಳಾಡುತ್ತ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುತ್ತ, ಲಸಿಕೆಯ ಬಲ ಇನ್ನೂ ಕೂಡದ ಅವಧಿಯೂ ಅದೇ ಸುಮಾರಿನದು. ಆಗ ಪಾರ್ವೋ ತಗುಲಿದರೆ ಕೆಲವೇ ದಿನಗಳಲ್ಲಿ ಸಾವು. ಅಷ್ಟರಲ್ಲಿ ಹಣ ಕೈ ಸೇರಿರುತ್ತದೆ, ದುಃಖ ಮಾತ್ರ ಕೊಂಡವರ ಮನೆಯ ಮಕ್ಕಳದು.

ಕೆನೆಲ್ ಕ್ಲಬ್ಬಿನ ವಂಶಾವಳಿ ಪತ್ರವನ್ನು ತೋರಿಸಿ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟೆವೆನ್ನುವವರಿದ್ದಾರೆ. ಆ ಪತ್ರ ಅಪ್ಪ ಅಜ್ಜಂದಿರ ಹೆಸರು ಹೇಳುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳನ್ನು ಕಾಡುವ ಸೊಂಟದ ಕೀಲಿನ ದೋಷ ತಂದೆತಾಯಿಗಳಿಗೆ ಇತ್ತೇ ಎಂಬುದಕ್ಕೆ ಎಕ್ಸ್‌ರೇ ಬೇಕು. ಗೋತ್ರ ಕೇಳಿ ಆರೋಗ್ಯ ವಿಚಾರಿಸದೆ ಸಂಬಂಧ ಕೂಡಿಸುವ ನಮ್ಮ ಹಳೆಯ ಚಾಳಿ ನಾಯಿಗಳಿಗೂ ಅಂಟಿತೇನೋ!

ಇಷ್ಟು ಬಿಗಿ ನಿಯಮಗಳಿಂದ ಮುಧೋಳದ ಸುತ್ತಲಿನ ಹಳ್ಳಿಗಳಲ್ಲಿ ಎರಡು ನಾಯಿ ಸಾಕಿಕೊಂಡ ರೈತನಿಗೆ ಪೆಟ್ಟು ಬೀಳುತ್ತದೆ ಎಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಅದಕ್ಕೆ ಪರಿಹಾರ ವಿನಾಯಿತಿಯಲ್ಲ. ನೋಂದಣಿ, ಲಸಿಕೆ, ಮೈಕ್ರೋಚಿಪ್ಪುಗಳು ಆತನ ಊರಿನ ಪಶು ಆಸ್ಪತ್ರೆಯಲ್ಲೇ ಅಗ್ಗವಾಗಿ ಸಿಗಬೇಕು. ದಂಡ ಬೀಳಬೇಕಾದದ್ದು ನಗರದ ಕತ್ತಲೆ ಕೋಣೆಗಳಲ್ಲಿ ಸೂಲಿನ ಮೇಲೆ ಸೂಲು ಪಡೆಯುವವರ ಮೇಲೆ. ಆದರೆ ಈ ನಿಯಮಗಳಿಗೆ ತಾಯಿಬೇರಾದ 1960ರ ಕಾಯ್ದೆಯಲ್ಲಿ ಪ್ರಾಣಿಹಿಂಸೆಗೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಇಂದು ಆ ಹಣಕ್ಕೆ ಮರಿಯ ಕೊರಳಪಟ್ಟಿಯೂ ಬಾರದು.

ಕಾಯ್ದೆ ತಿದ್ದುವವರೆಗೆ ಕೊಳ್ಳುವ ನಾವು ಮಾಡಬಹುದಾದದ್ದು ಇಷ್ಟಿದೆ: ನೋಂದಣಿ ಪತ್ರ ಕೇಳುವುದು, ತಾಯಿನಾಯಿಯನ್ನು ಅದು ಇರುವ ಜಾಗದಲ್ಲೇ ನೋಡುವುದು, ಸಾಕಲಾಗದಿದ್ದರೆ ಮರಿಯನ್ನು ಹಿಂದಕ್ಕೆ ಪಡೆಯುವ ಮಾತನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು. ತಾಯಿಯನ್ನು ತೋರಿಸಲು ಹಿಂಜರಿಯುವವರಿಂದ ಮರಿ ಎಷ್ಟೇ ಮುದ್ದಾಗಿದ್ದರೂ ಕೊಳ್ಳಬಾರದು.