ಸೈಕಲ್ ರಾಜಧಾನಿಯಲ್ಲಿ ಸೈಕಲ್ಲಿಗೆ ಕಾಡಿಲ್ಲ

ಪೋರ್ಟ್‌ಲ್ಯಾಂಡಿಗೆ ಹೊಸದಾಗಿ ಬಂದವರಿಗೆ ಇಲ್ಲಿನವರು ಹೆಮ್ಮೆಯಿಂದ ಹೇಳುವ ಮಾತು ಎರಡು. ಒಂದು, ಅಮೆರಿಕದಲ್ಲಿ ಸೈಕಲ್ಲನ್ನು ಇಷ್ಟು ಪ್ರೀತಿಸುವ ದೊಡ್ಡ ಊರು ಇನ್ನೊಂದಿಲ್ಲ. ಎರಡು, ಊರಿನ ಗಡಿಯೊಳಗೇ ಇಷ್ಟು ದೊಡ್ಡ ಕಾಡು ಇಟ್ಟುಕೊಂಡ ಊರೂ ಅಪರೂಪ. ಎರಡರಲ್ಲೂ ಸುಳ್ಳೇನಿಲ್ಲ. 2008ರಲ್ಲಿ ಲೀಗ್ ಆಫ್ ಅಮೆರಿಕನ್ ಬೈಸಿಕ್ಲಿಸ್ಟ್ಸ್ ಸಂಸ್ಥೆ ಈ ಊರಿಗೆ ‘ಪ್ಲಾಟಿನಂ’ ದರ್ಜೆ ಕೊಟ್ಟಿತು. ವಿಲಾಮೆಟ್ ನದಿಯ ಪಶ್ಚಿಮಕ್ಕೆ, ಗುಡ್ಡದ ಸಾಲಿನ ಮೇಲೆ, ಸುಮಾರು 5,200 ಎಕರೆಯ ಫಾರೆಸ್ಟ್ ಪಾರ್ಕ್ ಹಬ್ಬಿಕೊಂಡಿದೆ. ಈಗ ಈ ಎರಡು ಹೆಮ್ಮೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಆ ಕಾಡಿನ ಕಾಲುದಾರಿಗಳಲ್ಲಿ ಸೈಕಲ್ ತುಳಿಯುವಂತಿಲ್ಲ!

ಮೌಂಟನ್ ಬೈಕಿನವರು ‘ಸಿಂಗಲ್ ಟ್ರ್ಯಾಕ್’ ಅಂತಾರಲ್ಲ, ಅದು ಬೇರೇನೂ ಅಲ್ಲ, ಒಂದೇ ಸೈಕಲ್ ಹಿಡಿಯುವಷ್ಟು ಅಗಲದ ಮಣ್ಣಿನ ಕಾಲುದಾರಿ. ನಮ್ಮ ಕಡೆ ತೋಟದಿಂದ ಹೊಳೆಗೆ ಇಳಿಯುವ ದಾರಿ ಇರುತ್ತಲ್ಲ, ಹಾಗೆ. ಫಾರೆಸ್ಟ್ ಪಾರ್ಕಿನಲ್ಲಿ ದಾರಿಗಳಿಗೆ ಬರವಿಲ್ಲ. ವೈಲ್ಡ್‌ವುಡ್ ಟ್ರೇಲ್ ಒಂದೇ ಮೂವತ್ತು ಮೈಲಿ ಇದೆ. ಅದು ನಡೆಯುವವರಿಗೆ, ಓಡುವವರಿಗೆ ಮಾತ್ರ. ಸೈಕಲ್ಲಿಗೆ ಬಿಟ್ಟಿರುವುದು ಲೈಫ್ ಎರಿಕ್ಸನ್ ಡ್ರೈವ್ ಎಂಬ ಹನ್ನೊಂದು ಮೈಲಿಯ ಅಗಲವಾದ ಜಲ್ಲಿ ರಸ್ತೆ, ಬೆಂಕಿ ಬಿದ್ದರೆ ಗಾಡಿ ಹೋಗಲೆಂದು ಕಡಿದ ಕೆಲವು ‘ಫೈರ್ ಲೇನ್’ಗಳು, ಇನ್ನೊಂದೆರಡು ಹಳೆಯ ರಸ್ತೆ. ನಿಜವಾದ ಸಿಂಗಲ್ ಟ್ರ್ಯಾಕ್ ಅಳೆದರೆ ಒಂದು ಮೈಲಿಯೂ ಆಗುವುದಿಲ್ಲ.

ಇದಕ್ಕೆ ಕೊಡುವ ಕಾರಣಗಳನ್ನು ಹತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಮಣ್ಣು. ಸೈಕಲ್ ಚಕ್ರ ದಾರಿಯನ್ನು ಕೊರೆದು ಹಾಕುತ್ತದಂತೆ, ಮಳೆಗಾಲದಲ್ಲಿ ಆ ಮಣ್ಣೆಲ್ಲ ತೊರೆಗೆ ಹೋಗುತ್ತದಂತೆ. ಅಕ್ಟೋಬರಿನಿಂದ ಮೇವರೆಗೆ ಜಿಟಿಜಿಟಿ ಮಳೆ ಹಿಡಿಯುವ ಊರಿದು, ಆತಂಕ ತಪ್ಪಲ್ಲ. ಆದರೆ ಚಕ್ರ ಮಾತ್ರ ಕೊರೆಯುತ್ತೆ, ಬೂಟು ಕೊರೆಯುವುದಿಲ್ಲ ಅನ್ನುವುದಕ್ಕೆ ಆಧಾರ ಎಲ್ಲಿದೆ? ಮೊಂಟಾನಾದ ಕಾಡುದಾರಿಗಳಲ್ಲಿ ವಿಲ್ಸನ್ ಮತ್ತು ಸೀನಿ ಎಂಬ ಸಂಶೋಧಕರು ಕುದುರೆ, ಕಾಲ್ನಡಿಗೆ, ಮೋಟಾರ್ ಸೈಕಲ್, ಮೌಂಟನ್ ಬೈಕ್ ನಾಲ್ಕನ್ನೂ ಹೋಲಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಗೊರಸು ಮತ್ತು ಕಾಲು ಸಡಿಲಗೊಳಿಸಿದ ಮಣ್ಣು, ಚಕ್ರ ಸಡಿಲಗೊಳಿಸಿದ್ದಕ್ಕಿಂತ ಹೆಚ್ಚು ಅಂತ ಅವರಿಗೆ ಕಂಡಿತು. ಒಂದು ಅಧ್ಯಯನದಿಂದ ಲೋಕವೇನೂ ತೀರ್ಮಾನ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಸೈಕಲ್ಲೇ ಖಳನಾಯಕ ಅನ್ನುವವರ ಹತ್ತಿರ ಅಷ್ಟು ಕೂಡ ಇಲ್ಲ.

ಅಸಲಿಗೆ ದಾರಿಯನ್ನು ಹಾಳು ಮಾಡುವುದು ನೀರು. ಗುಡ್ಡದ ನೆತ್ತಿಯಿಂದ ನೇರ ಕೆಳಗೆ ದಾರಿ ಕಡಿದರೆ ಅದು ದಾರಿಯಾಗಿ ಉಳಿಯುವುದಿಲ್ಲ, ಕಾಲುವೆಯಾಗುತ್ತದೆ. ಟ್ರೇಲ್ ಕಟ್ಟುವವರಿಗೆ ಇದು ಬಾಲಪಾಠ. ಗುಡ್ಡಕ್ಕೆ ಅಡ್ಡಲಾಗಿ ಬಳಸಿಕೊಂಡು ಹೋಗಬೇಕು. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ಕಡಿದಾಗಿ ದಾರಿ ಇರಬಾರದು. ಸರಾಸರಿಯಲ್ಲಿ ನೂರು ಅಡಿಗೆ ಹತ್ತಡಿಗಿಂತ ಹೆಚ್ಚು ಏರು ಬೇಡ. ಅಲ್ಲಲ್ಲಿ ದಾರಿ ತುಸು ಇಳಿದು ಮತ್ತೆ ಏರಬೇಕು, ಆ ತಗ್ಗಿನಲ್ಲಿ ನೀರು ಹೊರಗೆ ಹರಿದುಹೋಗಲಿ ಅಂತ. ಈಗ ಫೈರ್ ಲೇನ್‌ಗಳನ್ನು ನೋಡಿ. ಹೆಚ್ಚಿನವು ಗುಡ್ಡದಿಂದ ನೇರ ಕೆಳಕ್ಕೆ ಬಿದ್ದಿವೆ. ಅಂದರೆ ಮಣ್ಣಿನ ಚಿಂತೆ ಮಾಡುವ ಇದೇ ಜನ, ಮಣ್ಣು ಅತಿ ಹೆಚ್ಚು ಕೊಚ್ಚಿಹೋಗುವ ದಾರಿಗಳನ್ನೇ ಆರಿಸಿ ಸೈಕಲ್ಲಿಗೆ ಕೊಟ್ಟಿದ್ದಾರೆ! ಬಳಸಿ ಹೋಗುವ, ನೀರನ್ನು ಅರ್ಥ ಮಾಡಿಕೊಂಡ ದಾರಿಯನ್ನು ನಾವೇ ಕಟ್ಟಿಕೊಡ್ತೀವಿ, ಗುದ್ದಲಿ ನಮ್ಮದು, ಬೆವರು ನಮ್ಮದು ಅಂದರೆ ಬೇಡ ಅಂತಾರೆ.

ಎರಡನೆಯ ಕಾರಣ ನಡೆಯುವವರ ಸುರಕ್ಷೆ. ವಯಸ್ಸಾದವರು, ಮಕ್ಕಳು ನಡೆಯುವ ಕಡೆ ತಿರುವಿನಲ್ಲಿ ಧುತ್ತೆಂದು ಸೈಕಲ್ ಬಂದರೆ ಹೆದರಿಕೆ ಆಗದೆ ಇರುತ್ತಾ? ಆಗುತ್ತೆ. ಇದನ್ನು ತಳ್ಳಿಹಾಕುವ ಸೈಕಲ್ಲಿಗರ ಮೇಲೆ ನನಗೂ ಸಿಟ್ಟಿದೆ. ಆದರೆ ವೇಗ ಹುಟ್ಟುವುದು ಎಲ್ಲಿ? ನೇರವಾದ, ಅಗಲವಾದ ಇಳಿಜಾರಿನಲ್ಲಿ. ಕಿರಿದಾದ, ಸೊಟ್ಟಪಟ್ಟ, ಬೇರು ಕಲ್ಲುಗಳ ದಾರಿಯಲ್ಲಿ ವೇಗ ತಾನಾಗೇ ಇಳಿಯುತ್ತದೆ. ಏರುವಾಗಂತೂ ನಾವು ಓಡುವವರಿಗಿಂತ ನಿಧಾನ. ಲೈಫ್ ಎರಿಕ್ಸನ್ ರಸ್ತೆಯಲ್ಲಿ ನಾನು ದೂರದಿಂದಲೇ ಗಂಟೆ ಬಾರಿಸಿ, ಕಾಲೂರಿ ನಿಂತು ದಾರಿ ಬಿಟ್ಟರೂ ‘ಇದು ನಿಮ್ಮಂಥವರಿಗಲ್ಲ’ ಅಂದ ಹಿರಿಯರೊಬ್ಬರಿದ್ದಾರೆ. ಅದು ಸೈಕಲ್ಲಿಗೆ ಬಿಟ್ಟ ರಸ್ತೆ ಮಾರಾಯ್ರೆ! ಈ ಮಾತಿನ ಹಿಂದೆ ಭಯ ಇಲ್ಲ, ಯಜಮಾನಿಕೆ ಇದೆ.

ಮೂರನೆಯದು ಕಾಡುಜೀವಿಗಳು. ಇಲ್ಲಿ ನಾನು ಪೂರ್ತಿ ವಿರೋಧಿಗಳ ಪಕ್ಷ. ಚಳಿಗಾಲದ ಮಳೆಯ ರಾತ್ರಿಗಳಲ್ಲಿ ಈ ಗುಡ್ಡದಿಂದ ಕೆಂಗಾಲಿನ ಕಪ್ಪೆಗಳು ಹೆದ್ದಾರಿ 30ನ್ನು ದಾಟಿ ನದಿ ಪಕ್ಕದ ಜೌಗಿಗೆ ಮೊಟ್ಟೆ ಇಡಲು ಇಳಿಯುತ್ತವೆ. ಸ್ವಯಂಸೇವಕರು ಅವನ್ನು ಬಕೆಟ್ಟಿನಲ್ಲಿ ಎತ್ತಿ ರಸ್ತೆ ದಾಟಿಸುತ್ತಾರೆ. ಅಂಥ ಜಾಗ ಮುಚ್ಚಿ, ಎಲ್ಲರಿಗೂ ಮುಚ್ಚಿ. ನಾವು ಚಕಾರ ಎತ್ತೋದಿಲ್ಲ. ಆದರೆ ನಡೆಯುವವರು, ನಾಯಿ ಕರೆದೊಯ್ಯುವವರು, ಓಟದವರು ಓಡಾಡುವ ದಾರಿ ಸೈಕಲ್ ಬಂದ ಕೂಡಲೇ ಅಭಯಾರಣ್ಯ ಆಗಿಬಿಡುವುದು ಹೇಗೆ? ಮುಟ್ಟದ ಕಾಡು ಅನ್ನುವ ಮಾತೂ ಬೇಡ. ಬಹುಪಾಲು ಹಿಂದೆ ಕಡಿದು ಮತ್ತೆ ಬೆಳೆದ ಕಾಡಿದು. ಲೈಫ್ ಎರಿಕ್ಸನ್ ರಸ್ತೆಯೇ ನೂರು ವರ್ಷದ ಹಿಂದೆ ಸೈಟು ಮಾರುವವರ ಸಲುವಾಗಿ ಕಡಿದದ್ದು. ಗುಡ್ಡ ಜಾರಿ, ಸೈಟುಗಳ ತೆರಿಗೆ ಬಾಕಿ ಬಿದ್ದು, ಜಮೀನು ಊರಿಗೆ ಬಂತು, 1948ರಲ್ಲಿ ಪಾರ್ಕಾಯಿತು. ಇಲ್ಲಿ ಪಾರ್ಕು ಮಾಡಿ ಅಂತ ಓಲ್ಮ್‌ಸ್ಟೆಡ್ ಸೋದರರ ಸಂಸ್ಥೆ 1903ರಲ್ಲೇ ಹೇಳಿತ್ತು. ಊರಿನ ಜನರಿಗೆ ಬೇಕು ಅಂತ ಹೇಳಿದ್ದು, ಊರಿನ ಒಂದು ಪಂಗಡಕ್ಕೆ ಅಂತಲ್ಲ.

2010ರಲ್ಲಿ ಇದೆಲ್ಲ ಸರಿಹೋಗುತ್ತೆ ಅಂತ ಆಸೆ ಹುಟ್ಟಿತ್ತು. ನಗರದವರು ಒಂದು ಸಲಹಾ ಸಮಿತಿ ಮಾಡಿದರು, ತಿಂಗಳುಗಟ್ಟಲೆ ಸಭೆ ನಡೆಯಿತು. ಆ ವರ್ಷವೇ ಯಾರೋ ಪಾರ್ಕಿನೊಳಗೆ ಕದ್ದು ಟ್ರೇಲ್ ಕಡಿದದ್ದು ಪತ್ತೆಯಾಗಿ ಗುಲ್ಲೆದ್ದಿತು. ಕಡಿದವರು ಯಾರೇ ಆಗಲಿ, ಕಾಡಿಗೂ ದ್ರೋಹ, ನಮಗೂ ದ್ರೋಹ. ಕೊನೆಗೆ ಕಮಿಷನರ್ ನಿಕ್ ಫಿಶ್ ಹೊಸ ಸಿಂಗಲ್ ಟ್ರ್ಯಾಕ್ ಸದ್ಯಕ್ಕಿಲ್ಲ ಅಂದರು. ಮರುವರ್ಷ ನಗರ ಮತ್ತು ಮೆಟ್ರೋ ಸೇರಿ ಒಂದು ಸ್ಮಶಾನದವರಿಂದ 146 ಎಕರೆಯ ರಿವರ್ ವ್ಯೂ ಕಾಡನ್ನು 1.12 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡುಕೊಂಡವು. ಅಲ್ಲಿ ಎಷ್ಟೋ ವರ್ಷದಿಂದ ಸೈಕಲ್ ತುಳಿಯುತ್ತಿದ್ದರು. 2015ರ ಮಾರ್ಚಿನಲ್ಲಿ, ಯೋಜನೆ ಇನ್ನೂ ಮುಗಿಯುವ ಮೊದಲೇ, ಅಲ್ಲೂ ಸೈಕಲ್ ಬಂದ್. ನಡೆಯುವವರಿಗೆ ಬಂದ್ ಇಲ್ಲ! ಸ್ಮಶಾನದವರ ಕೈಯಲ್ಲಿದ್ದಾಗ ಇದ್ದ ದಾರಿ, ಜನರ ದುಡ್ಡಲ್ಲಿ ಕೊಂಡ ಮೇಲೆ ಹೋಯಿತು. ಇದಕ್ಕಿಂತ ದೊಡ್ಡ ವ್ಯಂಗ್ಯ ಬೇಕಾ?

‘ಅಲ್ಲ ಮಾರಾಯಾ, ಊರ ತುಂಬ ಸೈಕಲ್ ಲೇನ್ ಇದೆ, ಅಲ್ಲಿ ತುಳೀಬಾರ್ದಾ?’ ಅಂತ ಬೀವರ್‌ಟನ್ ಕಡೆಯ ನಮ್ಮ ಕನ್ನಡದ ಗೆಳೆಯರೇ ಕೇಳುತ್ತಾರೆ. ತುಳೀತೀನಿ, ದಿನಾ ಆಫೀಸಿಗೆ ಹೋಗೋದೇ ಅದರಲ್ಲಿ. ಆದರೆ ಊರ ತುಂಬ ಫುಟ್‌ಪಾತ್ ಇದೆ, ಕಾಡಿಗ್ಯಾಕೆ ನಡೆಯೋಕೆ ಹೋಗ್ತೀರಿ ಅಂತ ನಿಮ್ಮನ್ನು ಯಾರಾದರೂ ಕೇಳಿದರೆ? ಅದೇ ಉತ್ತರ ನನ್ನದೂ.

ಸರಿ, ಊರಲ್ಲಿ ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು? ಮೌಂಟ್ ಹುಡ್ ದಾರಿಯಲ್ಲಿ ಸ್ಯಾಂಡಿ ರಿಡ್ಜ್ ಇದೆ, ಚಿನ್ನದಂಥ ಜಾಗ. ಆದರೆ ಊರಿಂದ ಹತ್ತಿರ ಹತ್ತಿರ ನಲವತ್ತು ಮೈಲಿ. ಸೈಕಲ್ ತುಳಿಯೋಕೆ ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಒಂದು ಗಂಟೆ ಹೋಗಬೇಕು. ಪ್ಲಾಟಿನಂ ಊರಿನ ಕಥೆ ಇದು. ನನಗೇನೋ ಕಾರಿದೆ, ಪೆಟ್ರೋಲಿಗೆ ದುಡ್ಡಿದೆ. ನನ್ನ ಮಗಳ ಕ್ಲಾಸಿನಲ್ಲಿ ಕಾರಿಲ್ಲದ ಮನೆಯ ಮಕ್ಕಳಿದ್ದಾರೆ. ಅವರ ಹತ್ತಿರ ಇರುವುದು ಸೈಕಲ್ ಮಾತ್ರ. ಈ ಜಗಳದಲ್ಲಿ ನಿಜವಾಗಿ ಸೋಲುವವರು ಆ ಮಕ್ಕಳು. ಹದಿಮೂರು ವರ್ಷದ ಹುಡುಗನನ್ನು ‘ಬಾ ಮೌನವಾಗಿ ವಾಕಿಂಗ್ ಹೋಗೋಣ’ ಅಂತ ಕರೆದರೆ ಬರುತ್ತಾನಾ? ಸೈಕಲ್ ಕೊಟ್ಟರೆ ಬರುತ್ತಾನೆ. ಬಂದವನಿಗೆ ಕಾಡು ತನ್ನದು ಅನಿಸುತ್ತದೆ, ನಾಳೆ ಆ ಕಾಡಿನ ಪರವಾಗಿ ನಿಲ್ಲುತ್ತಾನೆ. ಬೇಲಿಯ ಹೊರಗೇ ನಿಲ್ಲಿಸಿದರೆ ಯಾಕೆ ನಿಲ್ಲುತ್ತಾನೆ?

ಎರಡು ಹೆದ್ದಾರಿಗಳ ನಡುವಿನ ಇಪ್ಪತ್ತೈದು ಎಕರೆಯ ಗೇಟ್‌ವೇ ಗ್ರೀನ್ 2017ರಲ್ಲಿ ಸೈಕಲ್ಲಿಗೆ ತೆರೆಯಿತು. ಸಂತೋಷ. ಸ್ವಯಂಸೇವಕರು ಬೆವರು ಸುರಿಸಿ ಕಟ್ಟಿದ ಜಾಗ, ಮಕ್ಕಳು ಕಿಕ್ಕಿರಿದು ಬರುತ್ತಾರೆ. ಆದರೆ ಲಾರಿಗಳ ಸದ್ದಿನ ನಡುವಿನ ಆ ತುಣುಕನ್ನು ತೋರಿಸಿ, ‘ನಿಮಗೆ ಕೊಟ್ಟಾಯ್ತಲ್ಲ’ ಅನ್ನುವುದು ಹಸಿದವನಿಗೆ ಉಪ್ಪಿನಕಾಯಿ ಕೊಟ್ಟು ಊಟ ಆಯ್ತಲ್ಲ ಅಂದ ಹಾಗೆ.

ಆಗೋದೇ ಇಲ್ಲ ಅನ್ನುವವರು ವರ್ಜೀನಿಯಾದ ರಿಚ್ಮಂಡ್ ನೋಡಿ ಬರಲಿ. ಅದೂ ನದಿ ದಂಡೆಯ ಊರು. ಜೇಮ್ಸ್ ನದಿಯ ಎರಡೂ ದಡಗಳಲ್ಲಿ, ಊರಿನ ನಟ್ಟನಡುವೆ, ಬಟರ್‌ಮಿಲ್ಕ್, ನಾರ್ತ್ ಬ್ಯಾಂಕ್ ಮುಂತಾದ ಟ್ರೇಲ್‌ಗಳಲ್ಲಿ ನಡೆಯುವವರು, ಓಡುವವರು, ಸೈಕಲ್ಲಿನವರು ಒಂದೇ ದಾರಿ ಹಂಚಿಕೊಳ್ಳುತ್ತಾರೆ. ನಾರ್ತ್ ಕ್ಯಾರೊಲಿನಾದ ಸಾಲಿಯಲ್ಲಿ ಇನ್ನೂ ಸರಳ: ಕುದುರೆಗೆ ಕೆಲವು ದಿನ, ಸೈಕಲ್ಲಿಗೆ ಉಳಿದ ದಿನ, ಸರದಿ ಪ್ರಕಾರ. ನಾವು ಬಾವಿಯ ನೀರನ್ನು, ಕೆರೆಯ ನೀರನ್ನು ಸರದಿಯಲ್ಲಿ ಹಂಚಿಕೊಂಡು ಬದುಕಿದ ಜನ. ಇದರಲ್ಲಿ ಬ್ರಹ್ಮವಿದ್ಯೆ ಏನೂ ಕಾಣುವುದಿಲ್ಲ.

ನಾವು ಕೇಳುತ್ತಿರುವುದು ಇಷ್ಟೇ. ವೈಲ್ಡ್‌ವುಡ್ ನಡೆಯುವವರಿಗೇ ಇರಲಿ. ಫಾರೆಸ್ಟ್ ಪಾರ್ಕಿನ ಒಂದು ಮೂಲೆಯಲ್ಲಿ, ತೊರೆ ಕಪ್ಪೆಗಳಿಂದ ದೂರ, ನೀರು ನಿಲ್ಲದ ಹಾಗೆ ಕಟ್ಟಿದ ಹತ್ತು ಮೈಲಿ ಸಿಂಗಲ್ ಟ್ರ್ಯಾಕ್ ಕೊಡಿ. ರಿವರ್ ವ್ಯೂ ಮತ್ತೆ ತೆರೆಯಿರಿ. ಜೋರು ಮಳೆಯ ದಿನ ಮುಚ್ಚಿ. ಎರಡು ವರ್ಷ ಮಣ್ಣು ಅಳೆಯಿರಿ, ದೂರುಗಳನ್ನು ಎಣಿಸಿ. ಹಾಳಾಗಿದ್ದರೆ ಮುಚ್ಚಿಬಿಡಿ, ಗುದ್ದಲಿ ತಂದು ದಾರಿ ಅಳಿಸಲು ನಾವೇ ಬರುತ್ತೇವೆ. ಅಳೆದು ನೋಡಿ ಬೇಡ ಅಂದರೆ ಒಪ್ಪುತ್ತೇವೆ. ಅಳೆಯದೆಯೇ ಬೇಡ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ.