ತದಡಿ ಬಂದರಿಗೂ ನಮ್ಮ ಬೆಟ್ಟಕ್ಕೂ ಇರುವ ನಂಟು



ಬಂದರು ಕಾಯುವುದು ಮೀನುಗಾರರ ಕೆಲಸ. ಅಡಿಕೆ, ಕಾಫಿ ಬೆಳೆಯುವ ನಮಗೆ ಅದರ ಗೊಡವೆ ಏಕೆ ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಪ್ರಶ್ನೆ ಸಹಜವಾದುದು. ನೀರಿನ ಜಾಡು ಹಿಡಿದು ನಡೆದರೆ ಉತ್ತರ ತಾನಾಗಿ ದೊರೆಯುತ್ತದೆ.

ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿಯು ಉಂಚಳ್ಳಿಯಲ್ಲಿ ಧುಮುಕಿ, ಘಟ್ಟವಿಳಿದು, ಕುಮಟಾ ತಾಲೂಕಿನಲ್ಲಿ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಕಡಲು ಸೇರುತ್ತದೆ. ನಡುದಾರಿಯಲ್ಲಿ ದೊಡ್ಡ ಅಣೆಕಟ್ಟಿಲ್ಲ. ಆದುದರಿಂದ ನಮ್ಮ ತೋಟದ ಬಸಿಗಾಲುವೆಯ ನೀರು, ಅದರಲ್ಲಿರುವ ಒಳ್ಳೆಯದು ಕೆಟ್ಟದ್ದರ ಸಮೇತ, ಅಳಿವೆಯನ್ನು ಮುಟ್ಟುತ್ತದೆ.

ಆ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಹದವಾಗಿ ಬೆರೆಯುವುದರಿಂದಲೇ ಬಳಚು ಬೆಳೆಯುತ್ತದೆ, ಮೀನು ಮರಿಯಿಡುತ್ತದೆ. ಬಳಚು ಹೆಕ್ಕಿ ಜೀವಿಸುವವರೇ ಸಾವಿರಾರು ಮಂದಿ, ಅವರಲ್ಲಿ ಹೆಂಗಸರೂ ಇದ್ದಾರೆ. ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಮಾಣಿಕಟ್ಟಾದಂಥ ಊರುಗಳಲ್ಲಿ ರೈತರು ಒಟ್ಟುಗೂಡಿ ಏರಿ ಕಾಯ್ದು ಈ ತಳಿಯನ್ನು ಉಳಿಸಿದ್ದಾರೆ. ಸಹಕಾರವೆಂಬ ಮಾತು ಕಾಗದಕ್ಕೆ ಬರುವ ಮೊದಲೇ ಗಜನಿಯ ಏರಿಯ ಮೇಲೆ ಅದು ಆಚರಣೆಯಲ್ಲಿತ್ತು.

ಈ ಅಳಿವೆಯ ಮೇಲೆ ಕಣ್ಣು ಬಿದ್ದುದು ಒಮ್ಮೆಯಲ್ಲ. 2000ದ ದಶಕದಲ್ಲಿ ತದಡಿಯಲ್ಲಿ 4000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಕರಾವಳಿಯ ಜನರು ಎದ್ದುನಿಂತರು, ಘಟ್ಟದ ಮೇಲಿನವರೂ ದನಿಗೂಡಿಸಿದರು. ಯೋಜನೆ ನಿಂತಿತು. ಬಳಿಕ ದೊಡ್ಡ ಸರಕು ಬಂದರಿನ ಮಾತು ಬಂತು. ನದಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಪ್ರಸ್ತಾಪವೂ ಇದೆ. 2024ರಲ್ಲಿ 4801 ಹೆಕ್ಟೇರಿನ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದ್ದು ಸಂತೋಷದ ಸಂಗತಿಯೇ. ಆದರೆ ಪಟ್ಟಿಯೊಂದೇ ಕಾವಲುಗಾರನಾಗದು.

ಬಂದರು ಬಂದರೆ ಉದ್ಯೋಗ ಬರುತ್ತದೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ನಮ್ಮ ಹುಡುಗರೂ ಕೆಲಸ ಹುಡುಕಿ ಊರು ಬಿಡುತ್ತಿದ್ದಾರೆ. ಆದರೆ ತದಡಿಯಲ್ಲಿ ಈಗಾಗಲೇ ಬಂದರು ಇದೆ, ಅದು ಮೀನುಗಾರರ ಬಂದರು. ಇರುವ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬರಲಿರುವ ದುಡಿಮೆಯನ್ನಷ್ಟೇ ಎಣಿಸುವುದು ನ್ಯಾಯದ ಲೆಕ್ಕವಲ್ಲ. ಬಯಲುಸೀಮೆಯ ಬಾಯಾರಿಕೆಯೂ ಸುಳ್ಳಲ್ಲ. ಆದರೆ ಸಮುದ್ರ ಸೇರುವ ನೀರು ವ್ಯರ್ಥವೆಂಬ ಮಾತನ್ನು ಬಳಚು ಹೆಕ್ಕುವ ಹೆಂಗಸಿನ ಎದುರು ನಿಂತು ಯಾರೂ ಹೇಳಲಾರರು.

ನೆರೆಯ ಬೇಡ್ತಿ ನದಿಗೆ ಅಣೆಕಟ್ಟಿನ ಯೋಜನೆ ಬಂದಾಗ, 1981ರಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ತಜ್ಞರನ್ನು ಕರೆಸಿ ವಿಚಾರಸಂಕಿರಣ ನಡೆಸಿತು. 1983ರಲ್ಲಿ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡರು. ಬೇಡ್ತಿಯಲ್ಲಿ ಮುಳುಗಲಿದ್ದುದು ನಮ್ಮವರ ತೋಟ, ಸಾಲ್ಕಣಿಯಲ್ಲಿ ಬೀಳಲಿದ್ದುದು ನಮ್ಮವರ ಕಾಡು. ನಮ್ಮದಕ್ಕೆ ಕುತ್ತು ಬಂದಾಗ ಎದ್ದವರು ನೆರೆಯವನ ದೋಣಿಗೆ ಕುತ್ತು ಬಂದಾಗಲೂ ಏಳುವೆವೆ ಎಂಬುದೇ ಇಂದಿನ ಪ್ರಶ್ನೆ.

ಏಳುವ ಮೊದಲು ನಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಮಳೆನೀರನ್ನು ಹೀರಿ ಬೇಸಗೆಯಲ್ಲಿ ಹೊಳೆಗೆ ಬಿಡುವುದು ಈ ಬೆಟ್ಟವೇ. ಇದು ಬೋಳಾದರೆ ಮಣ್ಣು ಹೊಳೆಗೆ, ಹೊಳೆಯಿಂದ ಅಳಿವೆಗೆ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯದೆ ಗತ್ಯಂತರವಿಲ್ಲ, ಒಪ್ಪೋಣ. ಆದರೆ ಮೈಲುತುತ್ತಿನ ಪೀಪಾಯಿಯನ್ನು ಹಳ್ಳದಲ್ಲಿ ತೊಳೆಯಲೇಬೇಕೆಂದಿಲ್ಲ. ಕಾಫಿ ಪಲ್ಪರಿನ ನೀರನ್ನು ಗುಂಡಿಯಲ್ಲಿ ಇಂಗಿಸದೆ ಹೊಳೆಗೆ ಬಿಡುವವರು ಕಡಲ ಮೀನಿನ ಪರವಾಗಿ ಮಾತನಾಡಿದರೆ ಯಾರು ನಂಬಿಯಾರು?

ಆದುದರಿಂದ ನಮ್ಮ ವಿನಂತಿ ಇಷ್ಟೆ. ಈ ಮಳೆಗಾಲದಲ್ಲಿ ಪ್ರತಿಯೊಬ್ಬರೂ ತಮ್ಮ ಬೆಟ್ಟದ ಬೋಳು ಜಾಗದಲ್ಲಿ ಕಾಡುಗಿಡ ನೆಡಿರಿ. ಪೀಪಾಯಿ ತೊಳೆಯಲು ಹಳ್ಳದಿಂದ ದೂರ ಗುಂಡಿ ತೆಗೆಯಿರಿ. ನಮ್ಮ ಮುಂದಿನ ಸರ್ವಸಾಧಾರಣ ಸಭೆಗೆ ತದಡಿ ಕಡೆಯ ಮೀನುಗಾರರನ್ನು ಕರೆದು, ಅವರ ಮಾತು ಕೇಳಿ, ಜಂಟಿ ಠರಾವು ಮಾಡೋಣ. ಗಜನಿಯ ಏರಿ ಒಬ್ಬನ ಕಡೆ ಒಡೆದರೂ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಹೊಳೆಯ ವಿಷಯದಲ್ಲಿ ನಾವು ಮೇಲಿನ ಏರಿಯ ಕಾವಲಿನವರು. ನಮ್ಮ ಪಾಳಿ ತಪ್ಪದಿರಲಿ.