ಹಳೆಯ ಬಿರುಕು, ಹೊಸ ಒತ್ತಡ

ನಮ್ಮ ಮಲೆನಾಡಿನವರಿಗೆ ನೆಲದ ಮೇಲೆ ನಂಬಿಕೆ ಹೆಚ್ಚು. ಮಳೆ ಕೈಕೊಟ್ಟೀತು, ಅಡಕೆಗೆ ಕೊಳೆ ಬಂದೀತು, ಧಾರಣೆ ಕುಸಿದೀತು. ಕಾಲಡಿಯ ಬಂಡೆ ಮಾತ್ರ ಕದಲಲಾರದೆಂಬುದು ನಮ್ಮ ದೃಢಭಾವನೆ. ರಿಪ್ಪನ್‌ಪೇಟೆಯ ಬಸ್ ನಿಲ್ದಾಣದಲ್ಲಿ ಭೂಕಂಪದ ಮಾತೆತ್ತಿ ನೋಡಿ: “ಅದೆಲ್ಲ ಹಿಮಾಲಯದ ಕಡೆಯದು ಮಾರಾಯ್ರೆ, ನಮ್ಮದು ಗಟ್ಟಿ ನೆಲ” ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ವಿಚಾರವಾಗಿ ವಾಚಕರಲ್ಲಿ ಕೆಲವು ಮಾತುಗಳನ್ನು ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ಶಿವಮೊಗ್ಗ ಸೀಮೆಯ ಶಿಲೆಗಳು ೨೫೦ ಕೋಟಿ ವರ್ಷಗಳಿಗೂ ಹಳೆಯವು. ಆದರೆ ಹಳೆಯದೆಲ್ಲ ಗಟ್ಟಿಯೆಂಬ ನಿಯಮವುಂಟೆ? ಹೆಚ್ಚು ಕಾಲ ಬಾಳಿದ ಮೈಯಲ್ಲಿ ಹೆಚ್ಚು ಗಾಯದ ಕಲೆಗಳಿರುವುದೂ ಸಹಜವಷ್ಟೆ!

ನಮ್ಮ ಕಾಲೇಜಿನ ಪುಸ್ತಕ ಭಂಡಾರದ ಒಂದು ಸಾಲನ್ನು ನೆನೆಯಿರಿ. ಇಕ್ಕೆಲದ ಆಸರೆಯನ್ನು ದೂರ ಸರಿಸಿದರೆ ಪುಸ್ತಕಗಳು ಓರೆಯಾಗಿ ಒಂದರ ಮೇಲೊಂದು ಜಾರಿ ತಗ್ಗುತ್ತವೆ. ಮತ್ತೆ ಇಕ್ಕೆಲದಿಂದ ಒತ್ತಿದರೆ ಅವು ಹರಿದು ಹೊಸ ಸೀಳಾಗುವುದಿಲ್ಲ. ಜಾರಿದ ಮೈಗುಂಟವೇ ಮೇಲಕ್ಕೇರುತ್ತವೆ. ಭೂಕವಚದ ನಡೆಯೂ ಹೀಗೆಯೇ. ಎಳೆತಕ್ಕೆ ಸಿಕ್ಕಾಗ ಅದು ಸ್ತರಭಂಗಗಳುಂಟಾಗಿ ಕುಸಿದು ಸೀಳು ಕಣಿವೆಯಾಗುತ್ತದೆ. ಕೋಟ್ಯಂತರ ವರ್ಷಗಳ ಮೇಲೆ ಎಳೆತ ಹೋಗಿ ಒತ್ತಡ ಬಂದಾಗ, ಆ ಹಳೆಯ ಸ್ತರಭಂಗಗಳೇ ದಿಕ್ಕು ಬದಲಿಸಿ ಜಾರುತ್ತವೆ. ಎಳೆತದಲ್ಲಿ ಹುಟ್ಟಿದ ಬಿರುಕು ಬಹಳ ಕಡಿದು. ಅಡ್ಡ ಒತ್ತಡದಲ್ಲಿ ಜಾರಲು ಅದು ಅನುಕೂಲವಾದ ಓರೆಯಲ್ಲ. ಆದರೂ ಅದರೊಳಗಿನ ಅರೆದ ಶಿಲಾಚೂರ್ಣ, ಜೇಡಿ, ನೀರಿನ ಒತ್ತಡ ಇವು ಹಿಡಿತವನ್ನು ಸಡಿಲಿಸುತ್ತವೆ. ಅಖಂಡ ಬಂಡೆಯನ್ನು ಸೀಳುವುದಕ್ಕಿಂತ ಸೀಳಿದ ಬಂಡೆಯನ್ನು ಜಾರಿಸುವುದು ಸುಲಭ.

ಇದಕ್ಕೆ ಸಾಕ್ಷಿ ಬೇಕಾದರೆ ಕಚ್ಛಕ್ಕೆ ಹೋಗಬೇಕು. ಗೊಂಡ್ವಾನ ಖಂಡವು ಒಡೆಯುತ್ತಿದ್ದಾಗ ಅಲ್ಲಿ ನೆಲ ಸೀಳಿ ತಗ್ಗಾಯಿತು, ಸಮುದ್ರ ನುಗ್ಗಿತು, ಕೆಸರು ತುಂಬಿತು. ಭಾರತವು ಏಷ್ಯಾಕ್ಕೆ ಡಿಕ್ಕಿ ಹೊಡೆದ ಮೇಲೆ ಒತ್ತಡ ಮೊದಲಾಗಿ, ತಗ್ಗಿದ್ದೆಡೆ ಎದ್ದು ಗುಡ್ಡವಾಯಿತು. ಆದುದರಿಂದಲೇ ಇಂದು ಕಚ್ಛದ ಗುಡ್ಡಗಳಲ್ಲಿ ಕಡಲ ಜೀವಿಗಳ ಅವಶೇಷ ಸಿಕ್ಕುತ್ತದೆ. ೧೮೧೯ರ ಜೂನ್ ೧೬ರ ಭೂಕಂಪದಲ್ಲಿ ಸಿಂದ್ರಿ ಕೋಟೆಯ ನೆಲ ಕುಸಿದು, ಅದರ ಉತ್ತರಕ್ಕೆ ಹತ್ತಾರು ಮೈಲಿಯುದ್ದದ ದಿಬ್ಬವೆದ್ದಿತು. ಮನುಷ್ಯ ಕಟ್ಟದ ಆ ಏರಿಗೆ ಜನ ‘ಅಲ್ಲಾ ಬಂಡ್’ ಎಂದರು. ೨೦೦೧ರ ಜನವರಿ ೨೬ರ ಬೆಳಿಗ್ಗೆ ಸುಮಾರು ೨೦ ಕಿಲೋಮೀಟರು ಆಳದಲ್ಲಿ, ನೆಲದ ಮೇಲೆ ಬಾಯಿ ತೆರೆಯದ ಇನ್ನೊಂದು ಸ್ತರಭಂಗ ಜಾರಿತು. ಪ್ರಮಾಣ ೭.೭, ಸತ್ತವರು ೧೩,೦೦೦ಕ್ಕೂ ಹೆಚ್ಚು. ಅಂಜಾರ್ ಪಟ್ಟಣದಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾಮಕ್ಕಳ ಮೇಲೆ ಇಕ್ಕೆಲದ ಮನೆಗಳು ಬಿದ್ದವು. ಮಕ್ಕಳನ್ನು ಕೊಂದದ್ದು ಭೂಮಿಯಲ್ಲ, ಗೋಡೆ.

ನಮ್ಮ ನೆಲಕ್ಕೂ ಎಳೆತದ ಇತಿಹಾಸವುಂಟು. ಸುಮಾರು ೯ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಡುಕರಾವಳಿಯಿಂದ ಕಳಚಿಕೊಂಡಿತು. ಘಟ್ಟವಿಳಿದು ಮಲ್ಪೆಗೆ ಹೋದವರು ಸೇಂಟ್ ಮೇರಿ ದ್ವೀಪದಲ್ಲಿ ಕಾಣುವ ಕಂಬದಂಥ ಲಾವಾಶಿಲೆಗಳು ಆ ಅಗಲಿಕೆಯ ಕಾಲದವು. ಇಂದು ಇದೇ ಭೂಭಾಗ ಒತ್ತಡದಲ್ಲಿದೆ. ಇದರಿಂದ ನಾಳೆಯೇ ಮಲೆನಾಡು ನಡುಗುವುದೆಂದು ಸಾರುವುದು ಅವಿವೇಕ. ಕಚ್ಛದಂಥ ಆಳವಾದ ಸೀಳು ಕಣಿವೆ ನಮ್ಮ ಕಾಲಡಿಯಲ್ಲಿಲ್ಲ. ಆದರೆ ‘ಗಟ್ಟಿ ನೆಲ’ವೆಂದು ಕಣ್ಣು ಮುಚ್ಚಿಕೊಂಡಿರುವುದೂ ಅವಿವೇಕವೇ. ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ನಮ್ಮ ಕಲಬುರಗಿಯ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ ನೆಲ ಒತ್ತಡಕ್ಕೆ ಸಿಕ್ಕು ಜಾರಿ ಸಾವಿರಾರು ಜನ ಮಡಿದರು. ಆ ಊರು ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೇ ಅಲ್ಲಿ ಗೋರಿಗಳಾದವು.

ನನ್ನ ಅಭಿಪ್ರಾಯವಿಷ್ಟೆ. ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇನ್ನು ಮುಂದೆ ಕಟ್ಟುವ ಪ್ರತಿಯೊಂದು ಶಾಲೆಯ ಗೋಡೆಗೂ ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಸೇರಿದ ಕಾಂಕ್ರೀಟಿನ ಪಟ್ಟಿ ಇರಬೇಕು. ಜಂಬಿಟ್ಟಿಗೆಯ ಮೂಲೆಗಳನ್ನು ಒಂದಕ್ಕೊಂದು ಕಚ್ಚಿಸಿ ಕಟ್ಟಬೇಕು. ಎಂದೋ ಒಮ್ಮೆ ಬರುವ ಕಂಪಕ್ಕೆ ಈ ಖರ್ಚೇಕೆಂದು ಕೇಳುವವರಿದ್ದಾರೆ. ಕಟ್ಟುವಾಗಲೇ ಮಾಡಿದರೆ ಅದು ಸಣ್ಣ ಖರ್ಚು. ಮಾಡದಿದ್ದರೆ ಆಗುವ ನಷ್ಟಕ್ಕೆ ಲೆಕ್ಕವಿಡುವವರಾರು? ಎರಡನೆಯದಾಗಿ, ಕಲಾ ವಿಭಾಗದ ನಮಗೂ ನಮ್ಮ ನೆಲದ ಚರಿತ್ರೆಯನ್ನು ಕಲಿಸಬೇಕು. ಕೆಳದಿಯ ಅರಸರ ವಂಶಾವಳಿಯನ್ನು ಬಾಯಿಪಾಠ ಮಾಡುವ ನಾವು, ಅವರ ಕೋಟೆ ನಿಂತ ಕಲ್ಲಿನ ವಿಷಯದಲ್ಲಿ ಒಂದು ವಾಕ್ಯವನ್ನೂ ಅರಿಯೆವು.

ಶರಾವತಿಯ ಮುಳುಗಡೆಯನ್ನು ಕಂಡ ನಮ್ಮ ಹಿರಿಯರಿಗೆ ನೆಲ ಶಾಶ್ವತವಲ್ಲವೆಂದು ಹೇಳಿಕೊಡಬೇಕಾಗಿಲ್ಲ. ಅವರಿಗಾದರೋ ಮನೆ ಬಿಡಲು ಮೊದಲೇ ಸೂಚನೆ ಬಂದಿತ್ತು. ಹಳೆಯ ಬಿರುಕು ಸೂಚನಾಪತ್ರ ಕಳಿಸುವುದಿಲ್ಲ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಪಾಲಿಗೆ ನಿಜವಾಗದಿರಲಿ.